ಕಪ್ಲಿಂಗ್ ಪಿನ್

ಕಿರುಬೆರಳಿನಷ್ಟಿದೆ. ಉಕ್ಕು. ಒಂದು ತುದಿ ತಿಂದುಹೋಗಿದೆ.
ಗಂಗೊಳ್ಳಿಯ ಮನೆಯ ಕಿಟಕಿ ದಂಡೆಯ ಮೇಲೆ
ಬೆಂಕಿಪೊಟ್ಟಣದ ಪಕ್ಕ ಅದರ ಜಾಗ.
ಮೊಮ್ಮಗಳು ಅದರಲ್ಲಿ ಕಾಡುಬಾದಾಮಿ ಜಜ್ಜುತ್ತಾಳೆ.

ಸಾಲ್ಮಿಯಾದಿಂದ ಫೈಲಕಾ ದ್ವೀಪಕ್ಕೆ ಒಂದೂವರೆ ಗಂಟೆ,
ಶಮಾಲ್ ಗಾಳಿ ಎದ್ದರೆ ಎರಡು, ಮೂರು,
ಕೆಲವು ದಿನ ಇಲ್ಲವೇ ಇಲ್ಲ.
ನಾನು ಕೆಳಗಿನವ. ಎಣ್ಣೆಯವ.
ಹನ್ನೊಂದು ವರ್ಷ ಆ ಕಡಲನ್ನು
ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು:
ತಗಡಿನಾಚೆ ನೀರು, ಈಚೆ ಆರು ಸಿಲಿಂಡರು,
ತಲೆಯ ಮೇಲೆ ಕಾಲು.

ಕಾಲಿನಲ್ಲೇ ಜನ ಗುರುತು.
ಟಕಟಕ ಎಂದರೆ ಈಜಿಪ್ಟಿನ ಶೌಕಿ ಮಾಸ್ತರ, ನಾಲ್ಕನೇ ಕ್ಲಾಸಿನ ಗಣಿತ.
ಸರಪರ, ಉಮ್ ಫರ್ಹಾನ್, ಎರಡು ಕೈಯಲ್ಲೂ ಕೋಳಿ.
ತಡತಡ ಆದರೆ ಆಡು. ಆಡಿಗೂ ಟಿಕೇಟು,
ಅದಕ್ಕಾಗಿ ದುರ್ ಮೊಹಮ್ಮದನ ದಿನದ ಜಗಳ.
ಒಮ್ಮೆ ನಾಲ್ಕು ಜೋಡಿ ಕಾಲು ಒಟ್ಟಿಗೆ, ಮೆಲ್ಲಗೆ.
ಹೆಣವೋ ಫ್ರಿಜ್ಜೋ ಎಂದು ಏಣಿ ಹತ್ತಿ ನೋಡಿದೆ.
ಫ್ರಿಜ್ಜು. ಒಳಗೆ ಮದುಮಗಳ ಬಟ್ಟೆ.

ಅಪ್ಪ ಪಂಚಗಂಗಾವಳಿಯ ಕಡವಿನಲ್ಲಿ ಗಳ ಊರಿದವ.
ನಾನು ಹೊರಡುವಾಗ ಅಂದದ್ದು ಇಷ್ಟೇ:
'ಹತ್ತದರ್ ಹತ್ರ ದುಡ್ ಕೇಣ್,
ಎಂತಕ್ ಹೋಪ್ದ್ ಅಂದ್ ಕೇಣ್ಬೇಡ.'

ಆ ಗುರುವಾರ ಕಾಲು ಬರಲಿಲ್ಲ.
ಬಂದದ್ದು ಬೂಟು.
ಮೊಸೂಲಿನ ಕಡೆಯ ಹುಡುಗರಂತೆ, ಮೀಸೆ ಬಲಿಯದವರು,
ಕಡಲು ನೋಡಿದ್ದೇ ಮೊದಲು.
ಮೂರನೇ ಮೈಲಿಗೆ ವಾಂತಿ. ನನ್ನ ಬಕೆಟ್ಟನ್ನೇ ಕೊಟ್ಟೆ.
ಫೆರಿಯ ಹೆಸರಿನ ಮೇಲೆ ಬೂದು ಬಣ್ಣ ಬಳಿದರು.
ಮಕ್ಕಳ ಬೆಂಚು ಕಿತ್ತಲ್ಲಿ
ಮೆಷಿನ್‌ಗನ್ ಕಾಲೂರಿತು.

ಹತ್ತು ದಿನ ಹೊತ್ತೆವು. ಅಕ್ಕಿ, ಗುಂಡು, ಟೆಂಟು, ಗುಂಡು.
ಹನ್ನೊಂದನೆಯ ರಾತ್ರಿ, ಫೈಲಕಾದ ಜೆಟ್ಟಿಯಲ್ಲಿ,
ನೊಖಾದ ಘಾನಿಮ್ ಏಣಿ ಇಳಿದು ಬಂದ.
ನನ್ನ ಕಾಲದಲ್ಲಿ ಅದು ಎರಡನೆಯ ಸಲ.
ಇಂಜಿನ್ನಿನ ಬೆನ್ನು ತಟ್ಟಿದ. ನನ್ನನ್ನು ನೋಡಿದ. ಹೋದ.
ನಾನು ಪಂಪಿನ ಪಿನ್ನು ಕಿತ್ತು
ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಹುಗಿದೆ.

ಬೆಳಿಗ್ಗೆ ಅವರ ಮೆಕ್ಯಾನಿಕ್ಕು ಬಂದ, ಬಗ್ಗಿದ, ಬೈದ,
ನನ್ನ ಕೆನ್ನೆಗೆ ಬಾರಿಸಿದ.
'ಖರ್ಬಾನ್' ಅಂದೆ. ಕೆಟ್ಟಿದೆ, ಅಷ್ಟೆ.
ನನ್ನ ಅರಬ್ಬಿಯೂ ಅಷ್ಟೇ.

ಆಮೇಲೆ ದ್ವೀಪ ಖಾಲಿ ಮಾಡುವ ಹುಕುಂ.
ನೆತ್ತಿಗೆ ಬಿಸಿಲೇರುವ ಮೊದಲೇ ಜೆಟ್ಟಿಯ ಮೇಲೆ
ಕಾಲುಗಳು, ನನಗೆ ಗೊತ್ತಿದ್ದ ಕಾಲುಗಳು.
ಸರಪರ. ಕೈಯಲ್ಲಿ ಕೋಳಿಯಿಲ್ಲ, ಬೀಗದ ಕೈ.
ಫ್ರಿಜ್ಜಿನ ಮದುಮಗಳು, ಬಸುರಿ.
ಟಕಟಕ ಇಲ್ಲ; ಮಾಸ್ತರ ಬೇಸಿಗೆ ರಜೆಗೆ ಹೋದವ ಬಚಾವು.
ಇದ್ದ ಎರಡು ದೋಣಿ ಯಾವ ಮೂಲೆಗೆ?
ಒಯ್ಯಿರಿ ಎಂದದ್ದು ಬಂದೂಕಿನವರು.
ಒಯ್ಯದಿದ್ದರೆ ಬಿಸಿಲು, ಹಸುಗೂಸು, ನೀರಿಲ್ಲ.
ಪಿನ್ನು ಹಾಕಿದರೆ ನಾನು ಯಾರ ಆಳು?
ಭರಣಿಗೆ ಕೈ ಹಾಕಿದೆ.
ಆ ಕೈ ಈಗಲೂ ಉರಿಯುತ್ತದೆ ಎಂದರೆ
ಖಾರ ಎಂದುಕೊಳ್ಳಿ.

ಮೂರು ಸಲ ಹೋದೆವು, ಮೂರು ಸಲ ಬಂದೆವು.
ದುರ್ ಮೊಹಮ್ಮದ್ ಕಾಸು ಮುಟ್ಟದೆ
ಒಬ್ಬೊಬ್ಬರಿಗೂ ಟಿಕೇಟು ಹರಿದುಕೊಟ್ಟ.
'ವಾಪಸು ಬರುವಾಗ ತೋರಿಸಿ' ಎಂದ.
ಆಡುಗಳು ಜೆಟ್ಟಿಯ ತುದಿಯವರೆಗೆ ಬಂದು ನಿಂತವು.
ಅವತ್ತು ಅವಕ್ಕೆ ಮಾತ್ರ ಟಿಕೇಟು ಇರಲಿಲ್ಲ.

ಕೊನೆಯ ಟ್ರಿಪ್ಪು ಮುಗಿದ ರಾತ್ರಿ ಮತ್ತೆ ಕಿತ್ತೆ.
ಬಗ್ದಾದು, ಅಮ್ಮಾನು, ಬೊಂಬಾಯಿ, ಗಂಗೊಳ್ಳಿ:
ಭರಣಿ ಒಡೆಯಲಿಲ್ಲ. ಅಮ್ಮ ಮುಚ್ಚಳ ತೆಗೆದು
'ತಿಂದೇ ಇಲ್ವಲ್ಲ ನೀನು' ಎಂದಳು.

ಚಳಿಗಾಲದಲ್ಲಿ ಫೆರಿ, ಸಾಲ್ಮಿಯಾದಲ್ಲಿ, ಕಟ್ಟಿದ ಹಗ್ಗದಲ್ಲೇ
ಬಾಂಬು ತಿಂದು ಕೂತಿತಂತೆ.
ಓಡುವಂತಿದ್ದಿದ್ದರೆ ಓಡಿಸುತ್ತಿದ್ದರೋ ಏನೋ.
ಎಷ್ಟೋ ವರ್ಷದ ಮೇಲೆ ಘಾನಿಮ್‌ನ ಮಗನ ಕಾಗದ:
ಹೊಸ ಬೋಟಿಗೆ ಏಸಿ ಇದೆ,
ಜನ ಗುಂಡು ಹೊಕ್ಕ ಮನೆ ನೋಡಲು ಹೋಗಿ ಸಂಜೆಗೆ ಬರುತ್ತಾರೆ,
ಹಳೆಯದರ ಇಂಜಿನ್ನು ಮೇಲೆತ್ತಿದ್ದಾರೆ,
ಪಂಪಿನ ಹತ್ತಿರ ಒಂದು ತೂತು ಖಾಲಿಯಿದೆ,
ಯಾಕೆಂದು ಯಾರಿಗೂ ಗೊತ್ತಿಲ್ಲ, ನಿನಗೇನಾದರೂ?

ಉತ್ತರ ಬರೆದಿಲ್ಲ.
ಕಿಟಕಿಯ ಹತ್ತಿರ ಟಕ್,
ಇನ್ನೊಂದು ಬಾದಾಮಿ.